ಕುಸಿತದ ಪೇಟೆಯಲ್ಲಿ ಬೆಲೆಗಿಂತ ಮೊದಲು ಸಾಲ ನೋಡಿ

ಷೇರುಪೇಟೆ ಇಳಿಯತೊಡಗಿದಾಗ ನನ್ನಲ್ಲಿಗೆ ಸಲಹೆಗೆ ಬರುವವರಲ್ಲಿ ಅನೇಕರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಯಾವ ಷೇರು ತನ್ನ ಗರಿಷ್ಠ ಬೆಲೆಯಿಂದ ಶೇಕಡಾ ಎಷ್ಟು ಇಳಿದಿದೆ ಎಂಬುದನ್ನು ಅದರಲ್ಲಿ ಬರೆದಿರುತ್ತಾರೆ. ಹೆಚ್ಚು ಇಳಿದದ್ದೇ ಹೆಚ್ಚು ಅಗ್ಗ ಎಂಬುದು ಅವರ ನಂಬಿಕೆ. ಆದರೆ ಹಿಂದೊಮ್ಮೆ ಜನ ಕೊಟ್ಟ ಬೆಲೆಯಿಂದ ಕಂಪನಿಯ ಇಂದಿನ ಮೌಲ್ಯ ತಿಳಿಯುವುದಿಲ್ಲ. 100ರಲ್ಲಿದ್ದ ಷೇರನ್ನು 20ಕ್ಕೆ ಕೊಂಡವರು, ಅದು 10ಕ್ಕೆ ಇಳಿದರೆ ತಮ್ಮ ಹಣದಲ್ಲಿ ಅರ್ಧವನ್ನು ಕಳೆದುಕೊಳ್ಳುತ್ತಾರೆ.

ತಂತ್ರಜ್ಞಾನ ಕಂಪನಿಗಳೇ ಹೆಚ್ಚಾಗಿರುವ ಅಮೆರಿಕದ ನಾಸ್ಡಾಕ್ ಷೇರು ಸೂಚ್ಯಂಕ 2000ದ ಮಾರ್ಚ್‌ನಲ್ಲಿ 5,000 ದಾಟಿತ್ತು. 2002ರ ಅಕ್ಟೋಬರ್ ಹೊತ್ತಿಗೆ ಅದು 1,100ರ ಆಸುಪಾಸಿಗೆ ಬಂದಿತ್ತು. ಆ ಅವಧಿಯಲ್ಲಿ ಅಮೆಜಾನ್ ಷೇರು ತನ್ನ ಗರಿಷ್ಠ ಬೆಲೆಯಿಂದ ಶೇ 90ಕ್ಕೂ ಹೆಚ್ಚು ಕುಸಿದರೂ ಕಂಪನಿ ಉಳಿಯಿತು. 2000ದ ಫೆಬ್ರುವರಿಯಲ್ಲಿ ಷೇರುಪೇಟೆ ಪ್ರವೇಶಿಸಿದ, ಸಾಕುಪ್ರಾಣಿಗಳ ಸಾಮಗ್ರಿಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದ ಪೆಟ್ಸ್.ಕಾಮ್ ಅದೇ ವರ್ಷದ ನವೆಂಬರ್‌ನಲ್ಲಿ ವಹಿವಾಟು ಮುಚ್ಚುವುದಾಗಿ ಘೋಷಿಸಿತು. ಎರಡೂ ಆಗ ನಷ್ಟದಲ್ಲಿಯೇ ಇದ್ದವು. ಆದರೆ ಅಮೆಜಾನ್ ಅದೇ ಫೆಬ್ರುವರಿಯಲ್ಲಿ, 2010ರಲ್ಲಿ ತೀರಿಸಬೇಕಾದ ಬಾಂಡ್‌ಗಳನ್ನು (ಸಾಲಪತ್ರಗಳನ್ನು) ಮಾರಿ 69 ಕೋಟಿ ಯೂರೊ ಸಂಗ್ರಹಿಸಿಕೊಂಡಿತ್ತು. ಅದೂ ಸಾಲವೇ, ಆದರೆ ಮರುಪಾವತಿಯ ಗಡುವು ದೂರದಲ್ಲಿತ್ತು. ಹಾಗಾಗಿ ಸಾಲದ ಮೊತ್ತದಷ್ಟೇ ಎಚ್ಚರದಿಂದ ಅದರ ಗಡುವನ್ನೂ ನೋಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾದ ಮೇಲೆ ಅಲ್ಪಾವಧಿ ಸಾಲದ ಮಾರುಕಟ್ಟೆಯೇ ಬಿಗಿದುಕೊಂಡಿತು. ಹಳೆಯ ಸಾಲ ತೀರಿಸಲು ಹೊಸ ಸಾಲವನ್ನೇ ನೆಚ್ಚಿಕೊಂಡಿದ್ದ, ಲಾಭದಲ್ಲಿದ್ದ ಕಂಪನಿಗಳಿಗೂ ಆಗ ಉಸಿರುಗಟ್ಟಿತು.

ಬಡ್ಡಿಯ ಹೊರೆಯನ್ನು ಅಳೆಯುವುದು ಕಷ್ಟವಲ್ಲ. ಎರಡು ಕಂಪನಿಗಳು ಬಡ್ಡಿ ಕಟ್ಟುವ ಮೊದಲು ತಲಾ 100 ಕೋಟಿ ಲಾಭ ಗಳಿಸುತ್ತಿವೆ, ಒಂದರ ವಾರ್ಷಿಕ ಬಡ್ಡಿ 10 ಕೋಟಿ, ಇನ್ನೊಂದರದು 60 ಕೋಟಿ ಎಂದಿಟ್ಟುಕೊಳ್ಳಿ. ಬೇಡಿಕೆ ಕುಗ್ಗಿ ಆ ಲಾಭ 70 ಕೋಟಿಗೆ ಇಳಿದರೆ ಮೊದಲನೆಯದರಲ್ಲಿ 90ರ ಬದಲು 60 ಕೋಟಿ ಉಳಿಯುತ್ತದೆ. ಎರಡನೆಯದರಲ್ಲಿ 40 ಇದ್ದದ್ದು 10ಕ್ಕೆ ಬರುತ್ತದೆ. ವ್ಯಾಪಾರಕ್ಕೆ ಬಿದ್ದ ಪೆಟ್ಟು ಒಂದೇ ಆದರೂ ಷೇರುದಾರರ ಪಾಲಿಗೆ ಅದು ಒಂದೇ ಅಲ್ಲ.

ಬೆಲೆ ಮತ್ತು ಗಳಿಕೆಯ ಅನುಪಾತ, ಅಂದರೆ ಪಿಇ, ಕುಸಿತದ ಕಾಲದಲ್ಲಿ ಸುಲಭವಾಗಿ ದಾರಿ ತಪ್ಪಿಸುತ್ತದೆ. ಷೇರಿನ ಬೆಲೆ 200, ಕಳೆದ ವರ್ಷದ ಪ್ರತಿ ಷೇರಿನ ಗಳಿಕೆ 20 ಆಗಿದ್ದರೆ ಪಿಇ 10, ನೋಡಲು ಅಗ್ಗ. ಮುಂದಿನ ವರ್ಷ ಗಳಿಕೆ 5ಕ್ಕೆ ಇಳಿದರೆ ಅದೇ ಬೆಲೆಗೆ ಪಿಇ 40 ಆಗುತ್ತದೆ. ಉಕ್ಕು, ಸಿಮೆಂಟಿನಂತಹ ಏರಿಳಿತದ ಉದ್ಯಮಗಳಲ್ಲಿ ಇದು ಪದೇ ಪದೇ ಕಾಣುವ ಸಂಗತಿ. ಅಲ್ಲಿ ಒಂದೇ ವರ್ಷದ ಲಾಭವನ್ನು ಹಿಡಿಯದೆ, ಒಳ್ಳೆಯ ವರ್ಷ ಕೆಟ್ಟ ವರ್ಷ ಎರಡನ್ನೂ ಒಳಗೊಂಡ ಏಳೆಂಟು ವರ್ಷಗಳ ಸರಾಸರಿ ಗಳಿಕೆಯ ಮೇಲೆ ಲೆಕ್ಕ ಹಾಕುವುದು ಮೇಲು.

ವಾರ್ಷಿಕ ವರದಿಯಲ್ಲಿ ನಗದು ಹರಿವಿನ ಪುಟವನ್ನು ಬಿಟ್ಟುಬಿಡಬೇಡಿ. ಲಾಭ ವರ್ಷ ವರ್ಷ ಏರುತ್ತಿದ್ದು, ವ್ಯವಹಾರದಿಂದ ಕೈಗೆ ಬರುವ ನಗದು ಮಾತ್ರ ಏರದಿದ್ದರೆ, ಮಾರಾಟದ ಹಣ ಗ್ರಾಹಕರಲ್ಲೇ ಬಾಕಿ ನಿಂತಿರಬಹುದು ಅಥವಾ ಗೋದಾಮಿನಲ್ಲಿ ದಾಸ್ತಾನು ಬೆಳೆಯುತ್ತಿರಬಹುದು. ಪ್ರವರ್ತಕರು, ಅಂದರೆ ಕಂಪನಿಯ ಹಿಡಿತ ಹೊಂದಿರುವ ಮೂಲ ಮಾಲೀಕರು, ತಮ್ಮ ಷೇರುಗಳನ್ನು ಅಡವಿಟ್ಟು ಸಾಲ ಪಡೆದಿದ್ದರೆ ಇನ್ನಷ್ಟು ಎಚ್ಚರ ಬೇಕು. ಬೆಲೆ ಇಳಿದಂತೆ ಸಾಲ ಕೊಟ್ಟವರು ಆ ಷೇರುಗಳನ್ನು ಮಾರತೊಡಗಿ ಕುಸಿತ ಇನ್ನೂ ಆಳವಾಗುತ್ತದೆ.

ಇಷ್ಟನ್ನೂ ದಾಟಿ ಬಂದ ಕಂಪನಿ ಸಿಕ್ಕರೂ ಹಣವನ್ನೆಲ್ಲ ಒಂದೇ ದಿನ ಹಾಕಬೇಕಿಲ್ಲ, ಏಕೆಂದರೆ ತಳ ಯಾವುದೆಂದು ಮುಂಚಿತವಾಗಿ ಯಾರಿಗೂ ತಿಳಿಯುವುದಿಲ್ಲ. ಮೂರು ನಾಲ್ಕು ಕಂತುಗಳಲ್ಲಿ ಕೊಳ್ಳಿ. ಮುಂದಿನ ಕಂತಿಗೆ ಮೊದಲು ಹೊಸ ತ್ರೈಮಾಸಿಕ ಫಲಿತಾಂಶ ಬಂದಿದ್ದರೆ, ಬೆಲೆ ಎಷ್ಟು ಇಳಿದಿದೆ ಎಂದು ನೋಡುವುದಕ್ಕೂ ಮುನ್ನ, ಬಡ್ಡಿ ಕಟ್ಟುವ ಶಕ್ತಿ ಮತ್ತು ಗ್ರಾಹಕರ ಬಾಕಿ ಮೊದಲಿನಂತೆಯೇ ಇವೆಯೇ ಎಂದು ಪರೀಕ್ಷಿಸಿ. ಅವು ಹದಗೆಟ್ಟಿದ್ದರೆ ಆ ಕಂತನ್ನು ತಡೆಹಿಡಿಯಿರಿ.