ನಿಷೇಧಾಜ್ಞೆ ಇದ್ದಾಗ ಶಿವಮೊಗ್ಗ ಪೇಟೆಗೆ ಬರಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪಯ್ಯನನ್ನು ತಿಂಗಳಿಗೊಮ್ಮೆ ಮೆಗ್ಗಾನ್ ಆಸ್ಪತ್ರೆಗೆ ತೋರಿಸಬೇಕು. ಶಿವಮೊಗ್ಗದಲ್ಲಿ ಗಲಾಟೆಯಾಗಿ 144 ಹಾಕಿದ್ದಾರೆ ಅಂದ ಕೂಡಲೇ ಮನೆಯವರು ಹೊರಡುವುದೇ ಬೇಡ ಅನ್ನುತ್ತಾರೆ. ಹೋಗಬಹುದಾ?

ಉತ್ತರ: ಬರೀ ನಿಷೇಧಾಜ್ಞೆಯಾದರೆ ಧಾರಾಳವಾಗಿ ಹೋಗಬಹುದು. ಅದು ಸಾಮಾನ್ಯವಾಗಿ ತಡೆಯುವುದು ಐದು ಅಥವಾ ಹೆಚ್ಚು ಜನ ಗುಂಪುಗೂಡುವುದನ್ನು, ಮೆರವಣಿಗೆ, ಸಭೆ, ಆಯುಧ ಹಿಡಿದು ತಿರುಗುವುದನ್ನು. ರೋಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗುವುದನ್ನಲ್ಲ. ಮನೆಯಿಂದಲೇ ಹೊರಬರಬೇಡಿ ಅಂದರೆ ಅದು ಕರ್ಫ್ಯೂ. ಎರಡನ್ನೂ ಹೊರಡಿಸುವುದು ಒಂದೇ ಸೆಕ್ಷನ್ನಿನಡಿ, ಗೊಂದಲ ಶುರುವಾಗುವುದೇ ಅಲ್ಲಿ. ಅಂದಹಾಗೆ 2024ರ ಜುಲೈ 1ರಿಂದ ಅದು 144 ಅಲ್ಲ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ಬಾಯಲ್ಲಿ ಮಾತ್ರ ಹಳೆಯ ನಂಬರೇ ಉಳಿದಿದೆ.

ಹಾಗಾಗಿ ಜಿಲ್ಲಾಧಿಕಾರಿ ಅಥವಾ ತಹಶೀಲ್ದಾರರ ಆದೇಶದ ಪ್ರತಿಯನ್ನೇ ಹುಡುಕಿ ಓದಿ. ಯಾವ ಪ್ರದೇಶ, ಎಂದಿನಿಂದ ಎಂದಿನವರೆಗೆ, ಯಾವುದಕ್ಕೆ ವಿನಾಯಿತಿ ಎಂಬುದು ಅದರಲ್ಲಿರುತ್ತದೆ. ವಾಟ್ಸಾಪಿನಲ್ಲಿ ಬರುವ ‘ಇಡೀ ಜಿಲ್ಲೆ ಬಂದ್’ ಅನ್ನು ನಂಬಿ ಅಪ್ಪಯ್ಯನ ಮಾತ್ರೆ ತಪ್ಪಿಸಬೇಡಿ. ಹಳೆಯ ಗಲಾಟೆಯ ವಿಡಿಯೋವೇ ಹೊಸದಾಗಿ ಓಡಾಡುವುದು ಇಂಥ ದಿನಗಳಲ್ಲೇ.

ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. 2022ರ ಫೆಬ್ರುವರಿಯಲ್ಲಿ ಯುವಕನೊಬ್ಬನ ಕೊಲೆಯಾಯಿತು. ನಿಷೇಧಾಜ್ಞೆಯಿದ್ದರೂ ಮರುದಿನದ ಶವಯಾತ್ರೆ ವೇಳೆ ಕಲ್ಲು ತೂರಿದರು, ವಾಹನಗಳಿಗೆ ಬೆಂಕಿ ಬಿತ್ತು, ಶಾಲೆಗಳಿಗೆ ರಜೆ ಕೊಡಬೇಕಾಯಿತು. ಅದೇ ವರ್ಷದ ಆಗಸ್ಟ್ 15ರಂದು ಅಮೀರ್ ಅಹ್ಮದ್ ವೃತ್ತದ ಫ್ಲೆಕ್ಸ್ ಜಗಳ, ಚೂರಿ ಇರಿತ. 2023ರ ಅಕ್ಟೋಬರ್ 1ಕ್ಕೆ ರಾಗಿಗುಡ್ಡದಲ್ಲಿ ಮೆರವಣಿಗೆ ವೇಳೆ ಕಲ್ಲು ತೂರಾಟ. ಆದ್ದರಿಂದ ಹೊರಡುವ ಮೊದಲು ಬಸ್ ನಿಲ್ದಾಣಕ್ಕೆ ಫೋನ್ ಮಾಡಿ ವಿಚಾರಿಸಿ, ಗಲಾಟೆಯಾದ ಬಡಾವಣೆ ಬಿಟ್ಟು ಬೇರೆ ದಾರಿ ಹಿಡಿಯಿರಿ, ಒಪಿಡಿ ಚೀಟಿ ಮತ್ತು ಆಧಾರ್ ಕೈಯಲ್ಲೇ ಇರಲಿ. ಪೊಲೀಸರು ನಿಲ್ಲಿಸಿದರೆ ಚೀಟಿ ತೋರಿಸಿ, ವಾದಕ್ಕಿಳಿಯಬೇಡಿ. ತುರ್ತಾದರೆ 112, ಆಂಬುಲೆನ್ಸ್‌ಗೆ 108.

ಅಂಗಡಿಗಳ ಕಥೆ ಬೇರೆ. ಆದೇಶದಲ್ಲಿ ಮುಚ್ಚಿ ಎಂದು ಇಲ್ಲದಿದ್ದರೂ ಗಾಂಧಿ ಬಜಾರಿನಲ್ಲಿ ಶಟರ್ ಅರ್ಧಕ್ಕೆ ಇಳಿದಿರುತ್ತದೆ. ಯಾರೋ ಓಡಿದರು ಅಂದರೆ ಸಾಕು, ಪೂರ್ತಿ ಎಳೆದುಬಿಡುತ್ತಾರೆ. ಬಟ್ಟೆ ಅಂಗಡಿಯವರು ನಾಳೆ ಮಾರಿಯಾರು. ಹೂವಿನವರ ಗತಿ? ನಸುಕಿನಲ್ಲೇ ಎದ್ದು ಕಟ್ಟಿದ ಸೇವಂತಿಗೆ ಮಾರುಗಟ್ಟಲೆ ಬುಟ್ಟಿಯಲ್ಲೇ ಬಾಡುತ್ತದೆ, ಸಾಲ ಕೊಟ್ಟವನು ಸಂಜೆ ಬಂದು ನಿಂತೇ ನಿಲ್ಲುತ್ತಾನೆ. ಬಲವಂತವಾಗಿ ಅಂಗಡಿ ಮುಚ್ಚಿಸುತ್ತಾ ಹೋಗುವವರ ಮೇಲೆ, ಅವರು ಯಾವ ಬಾವುಟದವರಾದರೂ, ನನಗೆ ಸಿಟ್ಟಿರುವುದು ಇದಕ್ಕೇ. ತೆರೆದಿರುವ ಅಂಗಡಿ ಕಂಡರೆ ಅಲ್ಲೇ ಸಾಮಾನು ಕೊಳ್ಳಿ.

ಮನೆಯಲ್ಲಿ ಮದುವೆಯಿದ್ದರೆ ಆದೇಶದಲ್ಲಿ ವಿನಾಯಿತಿ ಇದೆಯೇ ನೋಡಿಕೊಳ್ಳಿ. ಮಂಟಪದೊಳಗಿನ ಶಾಸ್ತ್ರಕ್ಕೆ ಸಾಮಾನ್ಯವಾಗಿ ಅಡ್ಡಿ ಬರುವುದಿಲ್ಲ. ರಸ್ತೆಯಲ್ಲಿ ವಾದ್ಯದೊಂದಿಗೆ ದಿಬ್ಬಣ ಹೊರಡಿಸುವುದಾದರೆ ಮಾತ್ರ ಠಾಣೆಯಲ್ಲಿ ಮೊದಲೇ ಕೇಳಿ. ಆದೇಶ ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 223ರಡಿ ಆರು ತಿಂಗಳವರೆಗೆ ಜೈಲು ಅಥವಾ 2,500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಜೀವಕ್ಕೆ ಅಪಾಯ ತಂದರೆ ಶಿಕ್ಷೆ ಇನ್ನೂ ಹೆಚ್ಚು.

ಇಂಥ ಆದೇಶ ಎರಡು ತಿಂಗಳಿಗಿಂತ ಹೆಚ್ಚು ಜಾರಿಯಲ್ಲಿರುವಂತಿಲ್ಲ, ಸರ್ಕಾರವೇ ಮುಂದುವರಿಸಿದರೆ ಮಾತು ಬೇರೆ. ನಮ್ಮೂರಲ್ಲಿ ಎರಡು ಮೂರು ದಿನಕ್ಕೆಂದು ಹಾಕಿ, ಮತ್ತೆ ವಿಸ್ತರಿಸುವುದುಂಟು. ಡಾಕ್ಟರ ಅಪಾಯಿಂಟ್‌ಮೆಂಟಿನ ಹಿಂದಿನ ಸಂಜೆ ಇನ್ನೊಮ್ಮೆ ವಿಚಾರಿಸಿಯೇ ಬಸ್ ಹತ್ತಿ.