ಬಾಣ ಎಳೆಯುವ ಮೊದಲು ಪ್ರಶ್ನೆ ಯಾವುದು ಅಂತ ಗೊತ್ತಿರಲಿ

ಸಾಫ್ಟ್‌ವೇರ್ ತಂಡಗಳ ವೈಟ್‌ಬೋರ್ಡ್ ಮೇಲೆ ಅತಿ ಹೆಚ್ಚು ಕಾಣುವ ಚಿತ್ರ ಒಂದೇ. ಒಂದಷ್ಟು ಬಾಕ್ಸ್, ನಡುವೆ ಒಂದಷ್ಟು ಬಾಣ. ಒಂದೊಂದು ಬಾಕ್ಸ್ ಒಂದೊಂದು ಸರ್ವಿಸ್, ಅಂದರೆ ಒಂದು ಕೆಲಸ ನೋಡಿಕೊಳ್ಳುವ ಪ್ರೋಗ್ರಾಮ್. ಆರ್ಡರ್ ಸರ್ವಿಸ್‌ನಿಂದ ಸ್ಟಾಕ್ ಸರ್ವಿಸ್ ಕಡೆಗೆ ಒಂದು ಬಾಣ ಎಳೆದಿದ್ದಾರೆ ಅಂದುಕೊಳ್ಳಿ. ಅದರ ಅರ್ಥ ಏನು ಅಂತ ಅಲ್ಲಿದ್ದವರನ್ನು ಒಬ್ಬೊಬ್ಬರಾಗಿ ಕೇಳಿ ನೋಡಿ. ಒಬ್ಬರು 'ಇದು ಅದನ್ನು ಕರೆಯುತ್ತದೆ' ಅನ್ನುತ್ತಾರೆ. ಇನ್ನೊಬ್ಬರು 'ಡೇಟಾ ಆ ಕಡೆ ಹೋಗುತ್ತದೆ' ಅನ್ನುತ್ತಾರೆ. ಮತ್ತೊಬ್ಬರು 'ಅದು ಇಲ್ಲದಿದ್ದರೆ ಇದು ನಡೆಯಲ್ಲ' ಅನ್ನುತ್ತಾರೆ.

ಈ ಮೂರೂ ಒಂದೇ ದಿಕ್ಕಿಗೆ ಇರಬೇಕು ಅಂತೇನೂ ಇಲ್ಲ. ಸ್ಟಾಕ್ ಸರ್ವಿಸ್ ತಾನೇ ಆಗಾಗ ಬಂದು 'ಹೊಸ ಆರ್ಡರ್ ಇದೆಯಾ' ಅಂತ ಕೇಳುವ ಹಾಗಿದ್ದರೆ, ಕರೆಯ ಬಾಣ ಒಂದು ಕಡೆ ಹೋಗುತ್ತದೆ, ಡೇಟಾದ ಬಾಣ ಅದಕ್ಕೆ ಎದುರು ದಿಕ್ಕಿಗೆ ಬರುತ್ತದೆ. ನಡುವೆ ಒಂದು ಕ್ಯೂ (ಸಂದೇಶಗಳು ಸಾಲಾಗಿ ಕಾಯುವ ಜಾಗ) ಇಟ್ಟರೆ ಎರಡೂ ಸರ್ವಿಸ್‌ಗಳು ಕ್ಯೂವನ್ನು ನಂಬಿಕೊಂಡಿರುತ್ತವೆ, ಒಂದನ್ನೊಂದು ನೇರವಾಗಿ ಕರೆಯುವುದೇ ಇಲ್ಲ. ಸ್ಟಾಕ್ ಸರ್ವಿಸ್ ಒಂದು ಗಂಟೆ ನಿಂತುಹೋದರೆ ಆರ್ಡರ್ ತೆಗೆದುಕೊಳ್ಳುವುದೂ ನಿಲ್ಲುತ್ತದಾ? ನೇರ ಕರೆಯಾದರೆ ನಿಲ್ಲಬಹುದು. ಕ್ಯೂ ಇದ್ದರೆ ಆರ್ಡರ್ ಬರುತ್ತಲೇ ಇರುತ್ತದೆ, ಕೆಲಸ ಆಮೇಲೆ ಆಗುತ್ತದೆ. ಬೋರ್ಡ್ ಮೇಲಿನ ಒಂಟಿ ಬಾಣ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಆದರೂ ಎಲ್ಲರೂ ತಲೆಯಾಡಿಸಿ ಎದ್ದು ಹೋಗುತ್ತಾರೆ. ತಮಗೆ ಬೇಕಾದ ಅರ್ಥವನ್ನು ಒಬ್ಬೊಬ್ಬರೂ ಅದರಲ್ಲಿ ಓದಿಕೊಂಡಿರುತ್ತಾರೆ.

ಅದಕ್ಕೇ ನಾನು ಯಾವ ಚಿತ್ರ ನೋಡಿದರೂ ಮೊದಲು ಕೇಳುವುದು ಎರಡೇ. ಇದು ಯಾವ ಪ್ರಶ್ನೆಗೆ ಉತ್ತರ? ಇಲ್ಲಿ ಬಾಣ ಅಂದರೆ ಏನು? ಮೊದಲನೆಯದಕ್ಕೆ 'ಇಡೀ ಸಿಸ್ಟಮ್ ತೋರಿಸುತ್ತದೆ' ಅನ್ನುವ ಉತ್ತರ ಬಂದರೆ ಆ ಚಿತ್ರದಿಂದ ಜಾಸ್ತಿ ಉಪಯೋಗ ಆಗಲ್ಲ. ಇಡೀ ಸಿಸ್ಟಮ್ ಅನ್ನುವುದು ಪ್ರಶ್ನೆ ಅಲ್ಲ. 'ಪಾವತಿ ಅರ್ಧಕ್ಕೆ ನಿಂತರೆ ಆರ್ಡರ್ ಯಾವ ಸ್ಥಿತಿಯಲ್ಲಿ ಇರುತ್ತದೆ?' ಇದು ಪ್ರಶ್ನೆ. 'ಗ್ರಾಹಕರ ಫೋನ್ ನಂಬರ್ ಎಷ್ಟು ಡೇಟಾಬೇಸ್‌ಗಳಲ್ಲಿ ಕೂತಿದೆ?' ಇದೂ ಪ್ರಶ್ನೆ. ಇವೆರಡಕ್ಕೂ ಬೇರೆ ಬೇರೆ ಚಿತ್ರ ಬೇಕು.

ಚಿತ್ರ ಬರೆದು ಕೆಲಸವನ್ನು ಅರ್ಥ ಮಾಡಿಕೊಳ್ಳುವ ಅಭ್ಯಾಸ ಹಳೆಯದು. ಕಾರ್ಖಾನೆಯ ಕೆಲಸದ ಹಂತಗಳನ್ನು ಗುರುತುಗಳಲ್ಲಿ ಬರೆಯುವ ವಿಧಾನವನ್ನು ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲೇ ಮಂಡಿಸಿದ್ದರು. 1940ರ ದಶಕದಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್‌ಮನ್ ಕಂಪ್ಯೂಟರ್ ಪ್ರೋಗ್ರಾಮ್‌ಗಳಿಗೆ ಫ್ಲೋ ಡಯಾಗ್ರಾಮ್ ಬಳಸಿದರು. ಯಾವ ಡೇಟಾಗೂ ಯಾವ ಡೇಟಾಗೂ ಏನು ಸಂಬಂಧ ಅಂತ ತೋರಿಸಲು ಡೇಟಾಬೇಸ್‌ನವರು ಇವತ್ತಿಗೂ ಬರೆಯುವ ಇಆರ್ ಡಯಾಗ್ರಾಮ್ ಅನ್ನು ಪೀಟರ್ ಚೆನ್ 1976ರಲ್ಲಿ ಕೊಟ್ಟರು. 1990ರ ದಶಕದಲ್ಲಿ ಗ್ರೇಡಿ ಬೂಚ್, ಜೇಮ್ಸ್ ರಂಬಾ, ಇವಾರ್ ಜಾಕಬ್‌ಸನ್ ಮೂವರೂ ತಮ್ಮ ತಮ್ಮ ಗುರುತುಗಳನ್ನು ಒಂದುಗೂಡಿಸಿದರು. ಅದೇ ಯುಎಂಎಲ್ (ಯುನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್), ಸಾಫ್ಟ್‌ವೇರ್ ಚಿತ್ರಗಳಿಗೆ ಒಂದು ಸಾಮಾನ್ಯ ಭಾಷೆ. 1997ರಲ್ಲಿ ಅದು ಉದ್ಯಮದ ಮಾನದಂಡವೂ ಆಯಿತು.

ಯುಎಂಎಲ್‌ನ ಈಗಿನ ಆವೃತ್ತಿಯಲ್ಲಿ 14 ಬಗೆಯ ಚಿತ್ರಗಳಿವೆ. ಹದಿನಾಲ್ಕನ್ನೂ ಕಲಿಯಬೇಕಾ? ಬೇಡ. ಮರಿಯನ್ ಪೆಟ್ರೆ ಎಂಬ ಸಂಶೋಧಕಿ 50 ವೃತ್ತಿನಿರತ ಡೆವಲಪರ್‌ಗಳನ್ನು ಸಂದರ್ಶಿಸಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರಲ್ಲಿ 35 ಮಂದಿ ಯುಎಂಎಲ್ ಬಳಸುತ್ತಲೇ ಇರಲಿಲ್ಲ. ಬಳಸುವವರಲ್ಲೂ ಹೆಚ್ಚಿನವರು ಬೇಕಾದ ಭಾಗವನ್ನಷ್ಟೇ, ಬೇಕಾದಷ್ಟು ದಿನ ಬಳಸುತ್ತಿದ್ದರು. ಇದನ್ನು ನೋಡಿ 'ಚಿತ್ರ ಬರೆಯುವುದೇ ವ್ಯರ್ಥ' ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೋಡಿನ ಪ್ರತಿ ಕ್ಲಾಸನ್ನೂ ಚಿತ್ರ ಮಾಡಿ ಇಡುವುದು ವ್ಯರ್ಥ, ಅದು ನಿಜ. ಅಂಥ ಚಿತ್ರ ಬೇಕಾದಾಗ ಕೋಡಿನಿಂದಲೇ ತೆಗೆಯುವ ಟೂಲ್‌ಗಳಿವೆ. ಕೋಡ್ ಓದಿದರೆ ಕಣ್ಣಿಗೆ ಬೀಳದ ಸಂಗತಿಯನ್ನು ಚಿತ್ರ ತೋರಿಸಬೇಕು. ಆ ಕೆಲಸಕ್ಕೆ ನನ್ನ ಪ್ರಕಾರ ಸ್ಟೇಟ್ ಡಯಾಗ್ರಾಮ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಂದು ಸಂಗತಿ ಯಾವ ಯಾವ ಸ್ಥಿತಿಯಲ್ಲಿ ಇರಬಹುದು, ಏನಾದರೆ ಯಾವುದಕ್ಕೆ ಹೋಗುತ್ತದೆ ಅಂತ ತೋರಿಸುವ ಚಿತ್ರ ಅದು. ವಿಚಿತ್ರ ಅಂದರೆ, ಜನ ಅದನ್ನು ಅಷ್ಟಾಗಿ ಬರೆಯುವುದಿಲ್ಲ.

ಒಂದು ಸರಳ ಉದಾಹರಣೆ ತೆಗೆದುಕೊಳ್ಳೋಣ. ಆನ್‌ಲೈನ್ ಆರ್ಡರ್. ಸಾಮಾನ್ಯವಾಗಿ ಡೇಟಾಬೇಸ್ ಟೇಬಲ್‌ನಲ್ಲಿ ನಾಲ್ಕು ಹೌದು-ಇಲ್ಲ ಕಾಲಂಗಳು ಸೇರಿಕೊಂಡುಬಿಟ್ಟಿರುತ್ತವೆ: ಪಾವತಿ ಆಯಿತಾ, ರವಾನೆ ಆಯಿತಾ, ತಲುಪಿತಾ, ರದ್ದಾಯಿತಾ. ಒಂದೊಂದು ಕಾಲಂ ಸೇರಿಸಿದಾಗಲೂ ಅದಕ್ಕೆ ಕಾರಣ ಇತ್ತು. ಆದರೆ ನಾಲ್ಕು ಕಾಲಂ ಅಂದರೆ 16 ಜೋಡಣೆಗಳು. ಪಾವತಿ ಆಗದೆ ತಲುಪಿದ ಆರ್ಡರ್, ತಲುಪಿದೆ ಆದರೆ ರವಾನೆಯೇ ಆಗಿಲ್ಲ ಎನ್ನುವ ಆರ್ಡರ್, ಇಂಥವೆಲ್ಲ ಅದರಲ್ಲಿ ಸೇರಿವೆ. ಮುಂಗಡ ಪಾವತಿಯ ಆರ್ಡರ್‌ಗಳಲ್ಲಿ ನಿಜವಾಗಿ ಅರ್ಥ ಇರುವುದು ಆರಕ್ಕೆ ಮಾತ್ರ: ಪಾವತಿಗೆ ಕಾಯುತ್ತಿದೆ, ಪಾವತಿ ಆಗಿದೆ, ರವಾನೆ ಆಗಿದೆ, ತಲುಪಿದೆ, ರದ್ದಾಗಿದೆ, ರದ್ದಾಗಿದೆ ಆದರೆ ಹಣ ವಾಪಸ್ ಕೊಡಬೇಕು. ಉಳಿದ ಹತ್ತೂ ಬಗ್‌ಗಳು ಬಂದು ಕೂರುವ ಜಾಗಗಳು.

ಈಗ ಆ ಆರನ್ನು ಕಾಗದದ ಮೇಲೆ ಬಾಕ್ಸ್ ಮಾಡಿ. ಇಲ್ಲಿ ಬಾಣ ಅಂದರೆ 'ಇದು ನಡೆದರೆ ಸ್ಥಿತಿ ಹೀಗೆ ಬದಲಾಗುತ್ತದೆ' ಅಂತ, ಬೇರೆ ಅರ್ಥ ಇಲ್ಲ. ನಡೆಯಬಹುದಾದ ಘಟನೆಗಳು ಐದು ಅಂತ ಇಟ್ಟುಕೊಳ್ಳಿ: ಪಾವತಿ ಯಶಸ್ವಿ, ಪಾವತಿ ವಿಫಲ, ರವಾನೆ, ತಲುಪುವಿಕೆ, ಗ್ರಾಹಕರಿಂದ ರದ್ದತಿ. ಮೊದಲ ಸಲ ಬರೆದಾಗ ಎಲ್ಲರಿಗೂ ಹೊಳೆಯುವ ಬಾಣಗಳು ಆರು. ಕಾಯುತ್ತಿರುವ ಆರ್ಡರ್‌ಗೆ ಪಾವತಿ ಆಗಬಹುದು, ಪಾವತಿ ವಿಫಲವಾಗಿ ರದ್ದಾಗಬಹುದು, ಗ್ರಾಹಕರೇ ರದ್ದು ಮಾಡಬಹುದು. ಪಾವತಿ ಆದದ್ದು ರವಾನೆ ಆಗಬಹುದು, ಅಥವಾ ರದ್ದಾಗಿ ಹಣ ವಾಪಸ್ ಕೊಡಬೇಕಾದ ಸ್ಥಿತಿಗೆ ಹೋಗಬಹುದು. ರವಾನೆ ಆದದ್ದು ತಲುಪಬಹುದು. ಚಿತ್ರ ಪೂರ್ತಿ ಆದ ಹಾಗೆ ಕಾಣುತ್ತದೆ, ಅಲ್ವಾ?

ಇನ್ನು ಅದನ್ನೇ ಕೋಷ್ಟಕ ಮಾಡಿ. ಎಡಗಡೆ ಆರು ಸ್ಥಿತಿ, ಮೇಲೆ ಐದು ಘಟನೆ, ಒಟ್ಟು 30 ಖಾನೆ. ಆರು ತುಂಬಿವೆ, 24 ಖಾಲಿ. ಒಂದೊಂದೇ ಖಾಲಿ ಖಾನೆಯ ಮೇಲೆ ಬೆರಳಿಟ್ಟು 'ಇದು ಆದರೆ?' ಅಂತ ಕೇಳುತ್ತಾ ಹೋಗಿ. ಆರ್ಡರ್ ರದ್ದಾಗಿದೆ, ಆಮೇಲೆ ಪಾವತಿ ಯಶಸ್ವಿ ಎನ್ನುವ ಸಂದೇಶ ಬಂತು. ನೆಟ್‌ವರ್ಕ್ ತಡವಾದರೆ ಇದು ಆಗುತ್ತದೆ. ಈ ಖಾನೆ ಖಾಲಿ ಬಿಟ್ಟರೆ ಗ್ರಾಹಕರ ಹಣ ನಮ್ಮಲ್ಲಿ ಕೂತಿರುತ್ತದೆ, ಆರ್ಡರ್ ಮಾತ್ರ ರದ್ದು ಅಂತಲೇ ತೋರಿಸುತ್ತದೆ. ಹಾಗಾಗಿ ಅಲ್ಲಿಂದ 'ಹಣ ವಾಪಸ್ ಕೊಡಬೇಕು' ಬಾಕ್ಸ್‌ಗೆ ಒಂದು ಬಾಣ ಬೇಕು. ಪಾವತಿ ಆಗಿರುವ ಆರ್ಡರ್‌ಗೆ ಮತ್ತೆ ಪಾವತಿ ಯಶಸ್ವಿ ಅಂತ ಬಂತು. ಅದೇ ಸಂದೇಶ ಎರಡನೇ ಸಲ ಬಂದಿದ್ದರೆ ಸುಮ್ನೆ ಬಿಡಬೇಕು, ನಿಜವಾಗಿ ಎರಡು ಸಲ ಹಣ ಕಡಿತ ಆಗಿದ್ದರೆ ಬಿಡುವ ಹಾಗಿಲ್ಲ. ಹಾಗಾದರೆ ಎರಡನ್ನೂ ಬೇರೆ ಮಾಡಿ ಗುರುತಿಸುವ ಒಂದು ನಂಬರ್ ಸಂದೇಶದಲ್ಲಿ ಇರಬೇಕು. ರವಾನೆ ಆದ ಮೇಲೆ ಗ್ರಾಹಕರು ರದ್ದು ಮಾಡಿದರೆ? ಇದನ್ನು ಪ್ರೋಗ್ರಾಮರ್ ತೀರ್ಮಾನ ಮಾಡಬಾರದು. ವ್ಯವಹಾರ ನೋಡಿಕೊಳ್ಳುವವರನ್ನು ಕರೆದು ಕೇಳಬೇಕು. ಕೋಡ್ ತೋರಿಸಿ ಅವರನ್ನು ಕೇಳಲು ಆಗಲ್ಲ, ಈ ಕೋಷ್ಟಕ ತೋರಿಸಿ ಕೇಳಬಹುದು.

ಇನ್ನೊಂದು ಸಂಗತಿ ಚಿತ್ರದಲ್ಲಿ ಮಾತ್ರ ಕಾಣುತ್ತದೆ. 'ಹಣ ವಾಪಸ್ ಕೊಡಬೇಕು' ಬಾಕ್ಸ್‌ಗೆ ಬಾಣಗಳು ಒಳಗೆ ಬರುತ್ತವೆ, ಹೊರಗೆ ಒಂದೂ ಹೋಗುವುದಿಲ್ಲ. ಅಲ್ಲಿಗೆ ಬಂದ ಆರ್ಡರ್ ಅಲ್ಲೇ ಉಳಿಯುತ್ತದೆ. 'ಹಣ ವಾಪಸ್ ಆಯಿತು' ಅನ್ನುವ ಆರನೇ ಘಟನೆ ಯಾರಿಗೂ ಹೊಳೆದೇ ಇರಲಿಲ್ಲ. ನೂರಾರು ಸಾಲು ಕೋಡ್ ಓದಿ ಇದನ್ನು ಕಂಡುಹಿಡಿಯುವುದು ಕಷ್ಟ. ಇಲ್ಲದ ಸಾಲನ್ನು ಕೋಡಿನಲ್ಲಿ ಓದುವುದು ಹೇಗೆ? ಚಿತ್ರದಲ್ಲಿ ಇಲ್ಲದ ಬಾಣ ಎದ್ದು ಕಾಣುತ್ತದೆ.

ಸ್ಥಿತಿಗಳು ಜಾಸ್ತಿ ಆದರೆ ಚಿತ್ರ ಜೇಡರ ಬಲೆ ಆಗುತ್ತದೆ ಅನ್ನುವ ದೂರು ಸರಿಯಾದದ್ದೇ. ಇದಕ್ಕೆ ಪರಿಹಾರ ಕೊಟ್ಟವರು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹ್ಯಾರೆಲ್. 1980ರ ದಶಕದಲ್ಲಿ ಇಸ್ರೇಲಿನ ಲಾವಿ ಯುದ್ಧವಿಮಾನದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್‌ಗಳ ಜೊತೆ ಕೆಲಸ ಮಾಡುವಾಗ ಅವರು ಸ್ಟೇಟ್‌ಚಾರ್ಟ್ ರೂಪಿಸಿದರು. ಪ್ರಬಂಧ ಪ್ರಕಟವಾದದ್ದು 1987ರಲ್ಲಿ. ಇದರಲ್ಲಿ ಒಂದು ಬಾಕ್ಸ್ ಒಳಗೆ ಇನ್ನಷ್ಟು ಬಾಕ್ಸ್ ಇಡಬಹುದು, ಹೊರಗಿನ ಬಾಕ್ಸ್‌ನಿಂದ ಎಳೆದ ಒಂದು ಬಾಣ ಒಳಗಿನ ಎಲ್ಲಕ್ಕೂ ಅನ್ವಯಿಸುತ್ತದೆ. ಒಟ್ಟೊಟ್ಟಿಗೆ, ಆದರೆ ಒಂದಕ್ಕೊಂದು ಸಂಬಂಧ ಇಲ್ಲದೆ ನಡೆಯುವ ಭಾಗಗಳನ್ನು ಪಕ್ಕಪಕ್ಕದಲ್ಲಿ ಬೇರೆಯಾಗಿ ಬರೆಯಬಹುದು. ತಲಾ ಐದು ಸ್ಥಿತಿಗಳಿರುವ ನಾಲ್ಕು ಭಾಗಗಳಿದ್ದರೆ ಬರೆಯಬೇಕಾದದ್ದು 20 ಬಾಕ್ಸ್. ಎಲ್ಲ ಜೋಡಣೆಗಳನ್ನೂ ಬಿಡಿಸಿ ಬರೆಯಲು ಹೊರಟರೆ 625. ಯುಎಂಎಲ್‌ನ ಸ್ಟೇಟ್ ಡಯಾಗ್ರಾಮ್‌ಗೆ ಇದೇ ಮೂಲ.

ಎರಡನೆಯ ಸ್ಥಾನವನ್ನು ನಾನು ಸೀಕ್ವೆನ್ಸ್ ಡಯಾಗ್ರಾಮ್‌ಗೆ ಕೊಡುತ್ತೇನೆ. ಮೇಲಿಂದ ಕೆಳಕ್ಕೆ ಮೂರು ಗೆರೆ: ಆ್ಯಪ್, ನಮ್ಮ ಸರ್ವರ್, ಪಾವತಿ ಸರ್ವಿಸ್. ಯಾರು ಯಾರಿಗೆ ಯಾವ ಕ್ರಮದಲ್ಲಿ ಏನು ಹೇಳುತ್ತಾರೆ ಅನ್ನುವುದು ಅಡ್ಡ ಬಾಣಗಳು. ಎಲ್ಲ ಸರಿಹೋದಾಗಿನ ಚಿತ್ರ ಬರೆದು ನಿಲ್ಲಿಸಿದರೆ ಅರ್ಧ ಕೆಲಸವೂ ಆಗಿಲ್ಲ. ಪ್ರತಿ ಬಾಣಕ್ಕೂ 'ಇದು ತಲುಪದಿದ್ದರೆ?' ಅಂತ ಕೇಳಿ. ಸರ್ವರ್‌ನಿಂದ ಪಾವತಿ ಸರ್ವಿಸ್‌ಗೆ ಹೋದ ಬಾಣ ತಲುಪದಿರುವುದೂ, ತಲುಪಿ ಹಣ ಕಡಿತ ಆಗಿ ಉತ್ತರದ ಬಾಣ ಕಳೆದುಹೋಗುವುದೂ ನಮ್ಮ ಸರ್ವರ್‌ಗೆ ಒಂದೇ ರೀತಿ ಕಾಣುತ್ತವೆ, ಟೈಮ್‌ಔಟ್, ಅಂದರೆ ಕಾದರೂ ಉತ್ತರ ಬರಲಿಲ್ಲ. ಮತ್ತೆ ಪ್ರಯತ್ನಿಸಿದರೆ ಎರಡನೆಯ ಸಂದರ್ಭದಲ್ಲಿ ಎರಡು ಸಲ ಹಣ ಹೋಗುತ್ತದೆ. ಹಾಗಾಗಿ ಮೊದಲ ಬಾಣದಲ್ಲೇ ಆ ಪಾವತಿಗೆ ಮೀಸಲಾದ ಒಂದು ಐಡಿ ಕಳಿಸಬೇಕು, ಅದೇ ಐಡಿ ಮತ್ತೆ ಬಂದರೆ ಪಾವತಿ ಸರ್ವಿಸ್ ಹಳೆಯ ಉತ್ತರವನ್ನೇ ಕೊಡಬೇಕು. ಈ ಮಾತುಕತೆ ಚಿತ್ರದ ಮುಂದೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇದೇ ವಿಷಯ ಕೋಡ್ ಬಿಡುಗಡೆ ಆದ ಮೇಲೆ ಗ್ರಾಹಕರ ದೂರಿನಿಂದ ಗೊತ್ತಾದರೆ ಲೆಕ್ಕ ಸರಿ ಮಾಡಲು ಎಷ್ಟು ದಿನ ಬೇಕೋ ಹೇಳಲಾಗದು.

ದೊಡ್ಡ ಚಿತ್ರ ಬೇಕೇ ಬೇಕು ಅನ್ನುವವರಿಗೆ ಸೈಮನ್ ಬ್ರೌನ್ ಅವರ ಸಿ4 ಮಾದರಿ ಸಾಕು. ಸಿಸ್ಟಮ್ ಮತ್ತು ಅದನ್ನು ಬಳಸುವವರು ಒಂದು ಹಾಳೆ, ಒಳಗೆ ಓಡುವ ಅಪ್ಲಿಕೇಶನ್ ಮತ್ತು ಡೇಟಾಬೇಸ್‌ಗಳು ಇನ್ನೊಂದು ಹಾಳೆ, ಅವುಗಳ ಒಳಭಾಗ ಮತ್ತೊಂದು. ಕೋಡ್ ಮಟ್ಟದ ನಾಲ್ಕನೆಯದನ್ನು ಹೆಚ್ಚಿನ ಸಲ ಬಿಟ್ಟುಬಿಡಬಹುದು. ಒಂದೇ ಹಾಳೆಯಲ್ಲಿ ಗ್ರಾಹಕರನ್ನೂ ಡೇಟಾಬೇಸ್ ಕಾಲಮ್ಮನ್ನೂ ಬೆರೆಸದಿದ್ದರೆ ಆಯಿತು.

ಚಿತ್ರಗಳು ಹಳತಾಗುವ ಕಾಟಕ್ಕೆ ಈಗ ಒಳ್ಳೆಯ ದಾರಿ ಇದೆ. ಪ್ಲಾಂಟ್‌ಯುಎಂಎಲ್, ಮರ್ಮೇಯ್ಡ್ ಥರದ ಟೂಲ್‌ಗಳಲ್ಲಿ ಚಿತ್ರವನ್ನು ಸಾದಾ ಪಠ್ಯವಾಗಿ ಬರೆಯುತ್ತೇವೆ, ಟೂಲ್ ಅದನ್ನು ಚಿತ್ರ ಮಾಡುತ್ತದೆ. 2022ರಿಂದ, ತಂಡಗಳು ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್ ಮರ್ಮೇಯ್ಡ್ ಪಠ್ಯವನ್ನು ನೇರವಾಗಿ ಚಿತ್ರವಾಗಿ ತೋರಿಸುತ್ತದೆ. ಕೋಡ್ ಇರುವ ರೆಪೊದಲ್ಲೇ (ಕೋಡಿನ ಸಂಗ್ರಹ) ಅದೂ ಇದ್ದರೆ, ಕೋಡ್ ಬದಲಾವಣೆಯನ್ನು ಸೇರಿಸುವ ಮೊದಲು ಪರಿಶೀಲನೆಗೆ ಕೊಡುವ ಪುಲ್ ರಿಕ್ವೆಸ್ಟ್‌ನಲ್ಲೇ ಚಿತ್ರವೂ ಬದಲಾಗಿದೆಯಾ ಅಂತ ನೋಡಬಹುದು. ಆದರೂ ಎಲ್ಲ ಚಿತ್ರವನ್ನೂ ಉಳಿಸಬೇಡಿ. ಮಾತುಕತೆಗೆಂದು ಬರೆದ ಸೀಕ್ವೆನ್ಸ್ ಡಯಾಗ್ರಾಮ್ ಕೆಲಸ ಮುಗಿದ ಮೇಲೆ ಅಳಿಸಿದರೂ ನಷ್ಟ ಇಲ್ಲ. ಸ್ಟೇಟ್ ಕೋಷ್ಟಕ ಮಾತ್ರ ಇಟ್ಟುಕೊಳ್ಳಿ, ಅದರ ಒಂದೊಂದು ಖಾನೆಯೂ ಒಂದೊಂದು ಟೆಸ್ಟ್ ಆಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ಹೊಸದಾಗಿ ಕಟ್ಟುವ ಸಿಸ್ಟಮ್ ಬಗ್ಗೆ. ಬೇರೆಯವರು ಕಟ್ಟಿ ಹೋದ ಹಳೆಯ ಸಿಸ್ಟಮ್ ಕೈಗೆ ಬಂದಾಗ ಚಿತ್ರ ಇನ್ನೂ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಆದರೆ ಎಲ್ಲವನ್ನೂ ಬರೆಯಲು ಹೋಗಬೇಡಿ. ಒಂದೇ ಒಂದು ವಿನಂತಿಯನ್ನು ಹಿಡಿಯಿರಿ, ಉದಾಹರಣೆಗೆ 'ಪಾಸ್‌ವರ್ಡ್ ಮರೆತಿದ್ದೇನೆ' ಬಟನ್. ಅದು ಒತ್ತಿದ ಕ್ಷಣದಿಂದ ಇಮೇಲ್ ಹೋಗುವವರೆಗಿನ ದಾರಿಯನ್ನು ಕೋಡ್ ಓದುತ್ತಾ ಸೀಕ್ವೆನ್ಸ್ ಡಯಾಗ್ರಾಮ್ ಆಗಿ ಬರೆಯಿರಿ. ಕೋಡಿನಲ್ಲಿ ಕಣ್ಣಾರೆ ನೋಡಿದ್ದಕ್ಕೆ ಗಟ್ಟಿ ಗೆರೆ, ಊಹೆ ಮಾಡಿದ್ದಕ್ಕೆ ಚುಕ್ಕಿ ಗೆರೆ. ಯುಎಂಎಲ್‌ನಲ್ಲಿ ಚುಕ್ಕಿ ಗೆರೆಗೆ ಬೇರೆ ಅರ್ಥ ಇದೆ, ಹಾಗಾಗಿ ನಿಮ್ಮ ಅರ್ಥವನ್ನು ಮೂಲೆಯಲ್ಲಿ ಬರೆದಿಡಿ.

ಆಮೇಲೆ ಅದನ್ನು ಆ ಸಿಸ್ಟಮ್ ಗೊತ್ತಿರುವ ಹಳಬರಿಗೆ ತೋರಿಸಿ. 'ಇದು ಹೇಗೆ ಕೆಲಸ ಮಾಡುತ್ತದೆ ಸ್ವಲ್ಪ ಹೇಳ್ತೀರಾ' ಅಂತ ಬರಿಗೈಯಲ್ಲಿ ಹೋಗಿ ಕೇಳಿದರೆ ಎಲ್ಲಿಂದ ಶುರು ಮಾಡಬೇಕೋ ಅವರಿಗೂ ತೋಚುವುದಿಲ್ಲ. ಚಿತ್ರ ಮುಂದಿಟ್ಟರೆ 'ಇಲ್ಲ, ಇಮೇಲ್ ಇಲ್ಲಿಂದ ಹೋಗಲ್ಲ, ರಾತ್ರಿ ತಾನಾಗಿ ಓಡುವ ಇನ್ನೊಂದು ಪ್ರೋಗ್ರಾಮ್, ಒಂದು ಜಾಬ್ ಇದೆ' ಅಂತ ತಾವೇ ಪೆನ್ ಕೈಗೆ ತೆಗೆದುಕೊಳ್ಳುತ್ತಾರೆ. ಯಾವ ದಾಖಲೆಯಲ್ಲೂ ಇಲ್ಲದ ಆ ಜಾಬ್ ಅಲ್ಲಿ ಹೊರಗೆ ಬರುತ್ತದೆ. ಯಾರಿಗೂ ಗೊತ್ತಿಲ್ಲದೆ ಉಳಿದ ಚುಕ್ಕಿ ಗೆರೆಗಳಿಗೆ ಅನುಮತಿ ತೆಗೆದುಕೊಂಡು ಆ ಜಾಗದಲ್ಲಿ ಒಂದು ಲಾಗ್ ಸಾಲು (ಕೋಡ್ ಅಲ್ಲಿಗೆ ಬಂದಾಗಲೆಲ್ಲ ದಾಖಲೆ ಬರೆಯುವ ಸಾಲು) ಸೇರಿಸಿ. ಒಂದು ವಾರ ಕಾದು ನೋಡಿ. ಲಾಗ್ ಬಂದರೆ ಗೆರೆಯನ್ನು ಗಟ್ಟಿ ಮಾಡಿ. ಬರದಿದ್ದರೂ ತಕ್ಷಣ ಅಳಿಸಬೇಡಿ. ತಿಂಗಳ ಕೊನೆಗೊಮ್ಮೆ, ವರ್ಷದ ಕೊನೆಗೊಮ್ಮೆ ಮಾತ್ರ ಓಡುವ ಕೋಡ್ ಎಷ್ಟೋ ಇರುತ್ತದೆ.