ಲಿನಕ್ಸ್‌ನಲ್ಲಿ ಆಟ: ನೇಟಿವ್, ಪ್ರೋಟಾನ್, ಕಾಣೆಯಾಗುವ ಸೇವ್ ಫೈಲ್

ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆಂದೇ ಕಂಪೈಲ್ ಮಾಡಿದ (ಸಿದ್ಧಪಡಿಸಿದ) ಆಟ ನೇಟಿವ್. ವಿಂಡೋಸ್ ಆಟವನ್ನೇ ವೈನ್ ಅಥವಾ ಪ್ರೋಟಾನ್ ಮೂಲಕ ಓಡಿಸಿದರೆ, ಮಧ್ಯೆ ನಿಂತು ಹೊಂದಿಸುವ ಆ ತಂತ್ರಾಂಶವೇ ಕಂಪ್ಯಾಟಿಬಿಲಿಟಿ ಲೇಯರ್. ಪ್ರೋಟಾನ್ ಅಂದರೆ ವೈನ್ ಆಧಾರದ ಮೇಲೆ ವಾಲ್ವ್ ಕಂಪನಿ 2018ರಲ್ಲಿ ತನ್ನ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಸೇರಿಸಿದ್ದು.

ವೈನ್ ಎಮ್ಯುಲೇಟರ್ (ಇನ್ನೊಂದು ಯಂತ್ರವನ್ನೇ ನಕಲು ಮಾಡುವ ತಂತ್ರಾಂಶ) ಅಲ್ಲ. ನಮ್ಮ ಕೋಲಾರದ ಟೊಮೆಟೊ ಮಂಡಿಯಲ್ಲಿ ತೆಲುಗಿನಲ್ಲಿ ಕೇಳಿದ ದರವನ್ನು ಕನ್ನಡದಲ್ಲಿ ದಾಟಿಸುವವನು ಇರ್ತಾನಲ್ಲ, ಹಾಗೆ. ಮಾತು ಬದಲಾಗುತ್ತೆ, ಬಾಕ್ಸ್‌ನಲ್ಲಿರುವ ಟೊಮೆಟೊ ಅದೇ. ಆಟದ ಕೋಡ್ ಪ್ರೊಸೆಸರ್ ಮೇಲೆ ನೇರವಾಗಿಯೇ ಓಡುತ್ತೆ; ಅದು ವಿಂಡೋಸನ್ನು ಕೇಳುವ ಕೋರಿಕೆಗಳಿಗೆ ಮಾತ್ರ ವೈನ್ ಉತ್ತರ ಕೊಡುತ್ತೆ. ಗ್ರಾಫಿಕ್ಸ್‌ಗೆ ಬೇರೆ ವ್ಯವಸ್ಥೆ: ವಿಂಡೋಸ್ ಆಟಗಳು ಚಿತ್ರ ಬಿಡಿಸಲು ಬಳಸುವ ಡೈರೆಕ್ಟ್3ಡಿಯ 8ರಿಂದ 11ರವರೆಗಿನ ಆವೃತ್ತಿಗಳಿಗೆ ಡಿಎಕ್ಸ್‌ವಿಕೆ, 12ಕ್ಕೆ ವಿಕೆಡಿ3ಡಿ-ಪ್ರೋಟಾನ್. ಎರಡೂ ಆ ಕೋರಿಕೆಗಳನ್ನು ಕೊನೆಗೆ ದಾಟಿಸುವುದು ವಲ್ಕನ್‌ಗೆ, ಅಂದರೆ ಲಿನಕ್ಸ್‌ನಲ್ಲೂ ನಡೆಯುವ ಗ್ರಾಫಿಕ್ಸ್ ವ್ಯವಸ್ಥೆಗೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇರುವವರು ಮೊದಲು ನೋಡಬೇಕಾದ್ದು ತಮ್ಮ ಗ್ರಾಫಿಕ್ಸ್‌ಗೆ ಯಾವ ವಲ್ಕನ್ ಆವೃತ್ತಿ ಇದೆ ಅನ್ನೋದು. ಡಿಎಕ್ಸ್‌ವಿಕೆ 2.0ರಿಂದ ಈಚೆಗೆ ವಲ್ಕನ್ 1.3 ಬೇಕೇ ಬೇಕು.

ಈಗ ನನ್ನ ತಲೆ ಕೆಡಿಸಿದ ಭಾಗ. ನೇಟಿವ್ ಇದ್ದರೂ ಸ್ಟೀಮ್‌ನಲ್ಲಿ ಆ ಆಟದ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಗೆ ಹೋಗಿ ಪ್ರೋಟಾನ್ ಆರಿಸಬಹುದು. ಆರಿಸಿದರೆ ಸ್ಟೀಮ್ ವಿಂಡೋಸ್ ಆವೃತ್ತಿಯನ್ನು ಇಳಿಸಿಕೊಳ್ಳುತ್ತೆ. ಆಟ ಶುರುವಾಗುತ್ತೆ, ಹಳೆಯ ಸೇವ್ (ಎಲ್ಲಿಯವರೆಗೆ ಆಡಿದ್ದೀರಿ ಅನ್ನೋ ದಾಖಲೆ) ಮಾತ್ರ ಕಾಣಲ್ಲ. ಅಳಿಸಿಹೋಗಿಲ್ಲ, ಗಾಬರಿ ಬೇಡ.

ಪ್ರೋಟಾನ್ ಪ್ರತಿ ಆಟಕ್ಕೂ ಒಂದೊಂದು ಸುಳ್ಳು ಸಿ ಡ್ರೈವ್ ಕಟ್ಟಿಕೊಡುತ್ತೆ. ಇದೇ ಪ್ರಿಫಿಕ್ಸ್. ಸ್ಟಾರ್‌ಡ್ಯೂ ವ್ಯಾಲಿಯನ್ನೇ ನೋಡಿ. ನೇಟಿವ್ ಆದರೆ ಸೇವ್ ಇರೋದು ನಿಮ್ಮ ಹೋಮ್ ಫೋಲ್ಡರಿನ ಕಾನ್ಫಿಗ್ ಒಳಗೆ. ಪ್ರೋಟಾನ್ ಆದರೆ ಸ್ಟೀಮ್‌ಆ್ಯಪ್ಸ್ ಫೋಲ್ಡರಿಗೆ ಹೋಗಿ, ಅದರಲ್ಲಿ ಕಾಂಪ್ಯಾಟ್‌ಡೇಟಾ, ಅದರಲ್ಲಿ 413150 (ಆಟದ ಸ್ಟೀಮ್ ಸಂಖ್ಯೆ), ಅದರಲ್ಲಿ ಪಿಎಫ್‌ಎಕ್ಸ್, ಆಮೇಲೆ ಸಿ ಡ್ರೈವ್, ಯೂಸರ್ಸ್, ಸ್ಟೀಮ್‌ಯೂಸರ್, ಆ್ಯಪ್‌ಡೇಟಾ, ರೋಮಿಂಗ್, ಅದರಲ್ಲಿ ಆಟದ ಹೆಸರಿನ ಫೋಲ್ಡರ್. ಹುಡುಕುವ ಜಾಗವೇ ಬೇರೆ ಆದ್ಮೇಲೆ ಸೇವ್ ಎಲ್ಲಿ ಸಿಗಬೇಕು? ಆಟ ಮುಚ್ಚಿ, ಸೇವ್ಸ್ ಫೋಲ್ಡರನ್ನು ನೇಟಿವ್ ಜಾಗದಿಂದ ಪ್ರೋಟಾನ್ ಜಾಗಕ್ಕೆ ಕಾಪಿ ಮಾಡಿ. ಕಾನ್ಫಿಗ್ ಕಾಣದಿದ್ದರೆ ಕಂಟ್ರೋಲ್-ಎಚ್ ಒತ್ತಿ, ಅದು ಅಡಗಿಸಿಟ್ಟ ಫೋಲ್ಡರ್. ಕ್ಲೌಡ್ ಸೇವ್ (ಇಂಟರ್ನೆಟ್‌ನಲ್ಲಿ ಇಡುವ ಪ್ರತಿ) ಇದ್ದರೆ ಕೆಲವು ಆಟಗಳಲ್ಲಿ ಈ ಕಷ್ಟವೇ ಇರಲ್ಲ, ಆದರೆ ಅದನ್ನೇ ನೆಚ್ಚಿ ಕೂರಬೇಡಿ.

ಇದರಿಂದಲೇ ಇನ್ನೊಂದು ಎಚ್ಚರಿಕೆ: ಆಟ ಕೈಕೊಟ್ಟಾಗ "ಕಾಂಪ್ಯಾಟ್‌ಡೇಟಾ ಡಿಲೀಟ್ ಮಾಡು ಗುರು" ಅಂತ ಸ್ನೇಹಿತರು ಹೇಳ್ತಾರೆ. ಸರಿಯಾದ ಮದ್ದೇ, ಆದರೆ ಸೇವ್ ಕೂಡ ಅದರೊಳಗೇ ಇರುತ್ತೆ. ಮೊದಲು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ನೇಟಿವ್ ಅಂದ ಮಾತ್ರಕ್ಕೆ ಮೇಲು ಅಲ್ಲ. ಎಷ್ಟೋ ಆಟಗಳ ಲಿನಕ್ಸ್ ಆವೃತ್ತಿ ಅಪ್‌ಡೇಟ್ ಇಲ್ಲದೆ ಹಾಗೇ ಉಳಿದಿದೆ. ರಾಕೆಟ್ ಲೀಗ್ 2020ರಲ್ಲಿ ಲಿನಕ್ಸ್ ಬೆಂಬಲವನ್ನೇ ನಿಲ್ಲಿಸಿತು. ನೇಟಿವ್ ತಡವರಿಸಿದರೆ ನಾನು ಮುಲಾಜಿಲ್ಲದೆ ಪ್ರೋಟಾನ್ ಹಾಕ್ತೀನಿ.

ಆ್ಯಂಟಿ-ಚೀಟ್, ಅಂದರೆ ಆಟದಲ್ಲಿ ಮೋಸ ತಡೆಯುವ ತಂತ್ರಾಂಶ, ಬೇರೆಯೇ ಕಥೆ. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎರಡಕ್ಕೂ 2021ರಿಂದ ಪ್ರೋಟಾನ್ ಬೆಂಬಲ ಇದೆ, ಆದರೆ ಆಟ ಮಾಡಿದವರೇ ಅದನ್ನು ಆನ್ ಮಾಡಬೇಕು. ಫೋರ್ಟ್‌ನೈಟ್‌ನವರು ಮಾಡಿಲ್ಲ. ವ್ಯಾಲೊರಂಟ್ ಕೇಳುವವರಿಗೆ: ಅದರ ಆ್ಯಂಟಿ-ಚೀಟ್ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೇ ಕೂರುವಂಥದ್ದು, ವೈನ್ ಹತ್ತಿರ ಆ ಕರ್ನಲ್ಲೇ ಇಲ್ಲ. ಡ್ಯುಯಲ್ ಬೂಟ್ ಇಟ್ಟುಕೊಳ್ಳಿ, ಅಂದರೆ ಒಂದೇ ಯಂತ್ರದಲ್ಲಿ ಲಿನಕ್ಸ್ ಜೊತೆ ವಿಂಡೋಸೂ ಇರಲಿ.